ಹೋಂವರ್ಕಿನ ಬ್ಯಾಗು

ಕುರ್ಚಿಯಲ್ಲಿ ಕೂತು ಪಾಠ ಮಾಡುವುದು ನನ್ನ ಕೈಲಾಗದ ಕೆಲಸ. ಗೋಣಿಕೊಪ್ಪಲಿನಾಚೆ, ತೋಟಗಳ ನಡುವಿನ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಇಂಗ್ಲಿಷ್ ಹೇಳುವಾಗ ಬಾಗಿಲಿಂದ ಬೋರ್ಡಿಗೆ, ಬೋರ್ಡಿಂದ ಕಿಟಕಿಗೆ ತಿರುಗುತ್ತಲೇ ಇರುತ್ತಿದ್ದೆ. ಕಾಲಲ್ಲಿ ಚಕ್ರ ಇದೆಯಾ ಎಂದು ಹೆಡ್ಮಾಸ್ಟರು ಗೊಣಗುತ್ತಿದ್ದರು. ಆ ವಾರ ಪ್ರಯಾಣದ ಪದಗಳು: ಲಗೇಜು, ಪ್ಲಾಟ್‌ಫಾರ್ಮು, ಡಿಪಾರ್ಚರು. ಪುಸ್ತಕದಲ್ಲಿ ವಿಮಾನದ ಚಿತ್ರ ಬೇರೆ. ನಮ್ಮ ಮಕ್ಕಳೋ, ಹೆಚ್ಚಿನವರು ಕಾಫಿ ಕುಯ್ಯಲು ಬಂದು ತೋಟದ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ ಇರುವವರ ಮಕ್ಕಳು. ಪಿಕ್ಕಿಂಗ್ ಮುಗಿದರೆ ಊರಿಗೆ ಜೀಪು ಹತ್ತುವವರು. ಸುಡುಗಾಡು ವಿಮಾನ ಎಂದು ಪುಸ್ತಕ ಮಡಚಿದೆ. ನಾಳೆ ಎಲ್ಲರೂ ಊರಿಗೆ ಹೊರಟ ಹಾಗೆ ಬ್ಯಾಗು ಕಟ್ಟಿ ತನ್ನಿ, ಒಂದೊಂದೇ ಸಾಮಾನು ತೆಗೆದು ಇಂಗ್ಲಿಷಿನಲ್ಲಿ ಹೇಳಿ ಎಂದೆ.

ಮರುದಿನ ನನ್ನ ಚುರುಕು ಹುಡುಗಿಯೇ ಬರಲಿಲ್ಲ. ಹುಣಸೂರು ಕಡೆಯಿಂದ ಕೂಲಿಗೆ ಬಂದವರ ಮಗಳು, ಪದ ಕೊಟ್ಟರೆ ವಾಕ್ಯ ಮಾಡಿಕೊಡುವವಳು. ಸಂಜೆ ಬೆಲ್ಲು ಹೊಡೆದದ್ದೇ ಅವಳ ತೋಟದ ದಾರಿ ಹಿಡಿದೆ.

ಲೈನಿನ ಮುಂದೆ ರೈಟರು ನಿಂತಿದ್ದರು. ಆಳುಗಳ ಹಾಜರಿ, ಲೈನಿನ ಉಸ್ತುವಾರಿ ಎಲ್ಲ ಅವರದೇ. ಪಿಕ್ಕಿಂಗ್ ಮುಗಿಯುವ ಮೊದಲು ಲೈನಿನಲ್ಲಿ ಯಾರೂ ಬ್ಯಾಗು ಕಟ್ಟುವಂತಿಲ್ಲವಂತೆ. ಕಟ್ಟಿದರೆ ರಾತ್ರೋರಾತ್ರಿ ಪಕ್ಕದ ತೋಟಕ್ಕೆ ಹಾರುತ್ತಾರೆಂದೇ ಅರ್ಥವಂತೆ. ಇದೆಲ್ಲ ನನಗೇನು ಗೊತ್ತು? ಬೆಳಿಗ್ಗೆ ಹುಡುಗಿಯ ಬ್ಯಾಗು ಕಂಡ ರೈಟರು, ಅವಳ ಮನೆಯವರು ಯಾರೂ ತೋಟದ ಗೇಟು ದಾಟದಂತೆ ತಡೆದಿದ್ದರು. ಆ ತೋಟದಿಂದ ನನ್ನ ಕ್ಲಾಸಿಗೆ ಬರುತ್ತಿದ್ದವಳು ಅವಳೊಬ್ಬಳೇ, ಅವಳ ಮಾತು ಯಾರೂ ನಂಬಿರಲಿಲ್ಲ. ನನಗೆ ರೇಗಿಹೋಯಿತು. ಅದು ನಾನು ಕೊಟ್ಟ ಹೋಂವರ್ಕು ಸ್ವಾಮಿ, ನನ್ನನ್ನೊಂದು ಮಾತು ಕೇಳುವುದಕ್ಕೇನು ಎಂದು ದಬಾಯಿಸಿದೆ. ಅವರು ನಕ್ಕು, ಸರಿ ಹಾಗಾದರೆ, ಈಗ ಬ್ಯಾಗು ಬಿಚ್ಚಿಬಿಡಲಿ ಎಂದರು.

ಹುಡುಗಿಯ ಅಮ್ಮ ನೀರು ಕೊಡುವ ನೆಪದಲ್ಲಿ ನನ್ನನ್ನು ಒಳಗೆ ಕರೆದಳು.

"ಬಿಚ್ಚೋದು ಬ್ಯಾಡ ಅನ್ನಿ, ಮೇಡಮ್ಮೋರೆ."

ಭಾನುವಾರ ಹುಡುಗಿಯನ್ನು ಮೈಸೂರಿಗೆ, ಧಣಿಗಳ ನೆಂಟರ ಮನೆಗೆ ಮಗು ನೋಡಿಕೊಳ್ಳಲು ಕಳಿಸುವುದೆಂದು ರೈಟರೂ ಹುಡುಗಿಯ ಅಪ್ಪನೂ ಮಾತಾಡಿ ಮುಗಿಸಿದ್ದರಂತೆ. ಅಮ್ಮನ ತವರಿನ ಹತ್ತಿರ ಹಾಸ್ಟೆಲಿರುವ ಶಾಲೆಯಿದೆ. ಶನಿವಾರ ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿಗೆ ಅವಳ ತಾಯಿ ಬಂದು ಮೊಮ್ಮಗಳನ್ನು ಕರೆದೊಯ್ಯುತ್ತಾಳೆ. ಆದರೆ ಕಟ್ಟಿದ ಬ್ಯಾಗು ಗೇಟು ದಾಟುವುದು ಹೇಗೆ? ನನಗೆ ಮೈಯೆಲ್ಲ ಉರಿಯಿತು. ಈಗಲೇ ಕಂಪ್ಲೇಂಟ್ ಕೊಡುತ್ತೇನೆಂದು ಎದ್ದೆ. ಅವಳು ನನ್ನ ಮುಂಗೈ ಬಿಡಲಿಲ್ಲ.

"ಗಲಾಟೆ ಬ್ಯಾಡಿ. ಅವ್ಳು ಓದ್ಲಿ, ಅಷ್ಟೇಯ."

ಅಂಥ ಹುಡುಗಿಯನ್ನು ನನ್ನ ಕ್ಲಾಸಿಂದ ನಾನೇ ಕಳಿಸಬೇಕು. ಹೊರಗೆ ಬಂದು ರೈಟರಿಗೆ ಹೇಳಿದೆ: ಬ್ಯಾಗು ಬಿಚ್ಚಿಸಬೇಡಿ, ಈ ಪಾಠ ಶನಿವಾರದ ತನಕ ಇದೆ, ದಿನಾ ಹೀಗೇ ಕಟ್ಟಿ ತರಬೇಕು. ಏನೇನು ಪಾಠಗಳೋ ನಿಮ್ಮದು ಎಂದು ತಲೆಯಾಡಿಸಿ, ನಾಳೆಯಿಂದ ಅವಳನ್ನು ಗೇಟಿನಲ್ಲಿ ತಡೆಯುವುದಿಲ್ಲ ಎಂದರು.

ಹೇಳಿದ ಮೇಲೆ ಮಾಡಲೇಬೇಕಲ್ಲ, ಇಡೀ ಕ್ಲಾಸು ಶನಿವಾರದವರೆಗೆ ಬ್ಯಾಗು ಹೊತ್ತಿತು. ರಸ್ತೆಯಲ್ಲಿ ಜೀಪಿನ ಸದ್ದಾದರೆ ನನ್ನ ಕೈಯ ಸೀಮೆಸುಣ್ಣ ಮುರಿಯುತ್ತಿತ್ತು. ಶನಿವಾರ ಅರ್ಧ ದಿನದ ಶಾಲೆ. ಬಿಟ್ಟ ಕೂಡಲೇ ನಾನೇ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಅಜ್ಜಿಯ ಕೈಗೆ ಒಪ್ಪಿಸಿದೆ. ಬಸ್ಸು ಹೊರಟಾಗ ಹುಡುಗಿ ಅಳಲಿಲ್ಲ. ನಾನು ಅತ್ತೆ, ಅಷ್ಟು ಜನರೆದುರಿಗೇ.

ಸೋಮವಾರ ರೈಟರು ಕ್ಲಾಸಿನ ಬಾಗಿಲಿಗೇ ಬಂದರು. ಮುಖ ಕೆಂಪಾಗಿತ್ತು. ಒಂದೊಂದೇ ಬೆಂಚು ನೋಡಿ ನನ್ನ ಕಡೆ ತಿರುಗಿದರು.

"ಹುಡುಗಿ ಎಲ್ಲಿ ಹೋದ್ಳು ಮೇಡಂ?"

"ಶಾಲೆಗೆ," ಎಂದೆ.