ಕಾಲೆಟ್ಟಿನೊಳಗಿನ ಕುಂಕುಮ

ಬಿಡದಿ ಫ್ಯಾಕ್ಟರಿಗಳ ಬಸ್ಸು ನಮ್ಮ ಹೊಂಗನೂರಿನ ಕಡೆಗೂ ಬರತೊಡಗಿದ್ದ ಕಾಲವದು. ಬೆಳಗಾದರೆ ಅವ್ವನ ಉಪ್ಪೆಸರಿನ ಘಮದೊಳಗೆ ತೇಗದ ಹೊಟ್ಟಿನ ವಾಸನೆ ಬೆರೆತಿರುತ್ತಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಬಡಗಿ ಕೆಲಸದವರು. ಬಾಗಿಲಿಗೆ ಹೂಬಳ್ಳಿ ಕೊರೆಯಲು ಆ ವರ್ಷ ರೂಟರ್ ಮಿಷನ್ ತಂದಿದ್ದರು. ಕೊರೆಯುವ ಅಲಗಿಗೆ ಬಿಟ್ ಎಂದೂ ಅದನ್ನು ಕಚ್ಚಿ ಹಿಡಿಯುವ ಕೊಳವೆಗೆ ಕಾಲೆಟ್ ಎಂದೂ ಹೆಸರು. ಮರದ ಸುರುಳಿಯನ್ನು ಕಿವಿಗೆ ಲೋಲಾಕು ಮಾಡಿಕೊಂಡು ಆಡುತ್ತಿದ್ದ ನನಗೆ ಆಗ ಹತ್ತು ವರ್ಷ.

ಬಿಟ್ ಬದಲಿಸುವಾಗಲೆಲ್ಲ ಅಪ್ಪ ಚಿಕ್ಕಪ್ಪನಿಗೆ ಇದನ್ನೇ ಹೇಳುತ್ತಿದ್ದ. “ಮೊದ್ಲು ಪ್ಲಗ್ ಕೀಳ್ಲಾ. ಕಾಲೆಟ್ ಒಳ್ಗೆ ಒಸಿನೂ ಧೂಳಿರಬಾರ್ದು. ಬಿಟ್ನ ತಳಮುಟ್ಟ ತುರುಕಬ್ಯಾಡ, ಅಕ್ಕಿಕಾಳಷ್ಟು ಮ್ಯಾಲೆತ್ತಿ ಬಿಗಿ ಮಾಡು, ಇಲ್ದಿದ್ರೆ ಕಚ್ಕಂಡ್ಬುಡ್ತದೆ.”

“ಗೊತ್ತು ಕಣಣ್ಣ. ನನ್ ಮದ್ವೇಲಿ ಐನೋರ ಬದ್ಲು ನೀನೇ ಈ ಮಂತ್ರ ಯೋಳ್ಬುಡು.”

ಆಯುಧಪೂಜೆಯ ದಿನ ಅಪ್ಪ ಎಲ್ಲ ಹತ್ಯಾರಗಳಿಗೂ ಹೊರಗಿನಿಂದ ಬೊಟ್ಟಿಟ್ಟ. ದೇವರು ಒಳಗೂ ಇರಲಿ ಎಂದು ನನಗನ್ನಿಸಿತು. ಯಾರೂ ಇಲ್ಲದಾಗ ಸ್ಪ್ಯಾನರ್ ಹಿಡಿದು ಬಿಟ್ ಬಿಚ್ಚಿದೆ. ಪ್ಲಗ್ ಕಿತ್ತಿತ್ತು, ಅದು ಆ ದೇವಿಯ ದಯೆ. ಕಾಲೆಟ್ಟಿನೊಳಗೆ ನೀರಲ್ಲಿ ಕಲಸಿದ ಅರಿಶಿನ ಕುಂಕುಮ ಬಳಿದು, ಬಿಟ್ಟನ್ನು ತಳಮುಟ್ಟ ನೂಕಿ, ಕೈಲಾದಷ್ಟು ಬಿಗಿದೆ.

ಮೂರು ದಿನದ ಮೇಲೆ ಅಪ್ಪ ಬಿಟ್ ಬದಲಿಸಲು ಕೂತ. ಅದು ಅಲುಗಲಿಲ್ಲ. ಯಾರದೋ ಗೃಹಪ್ರವೇಶದ ಬಾಗಿಲು ಅರ್ಧಕ್ಕೆ ನಿಂತಿತ್ತು. ಸಿಟ್ಟಿನಲ್ಲಿ ಇಕ್ಕಳ ಹಾಕಿ ಎಳೆಯಲು ಹೋದ.

“ಅಣ್ಣ, ಪ್ಲಗ್ಗು,” ಎಂದು ಚಿಕ್ಕಪ್ಪ ಓಡಿಹೋಗಿ ಕಿತ್ತ. ಅಪ್ಪನ ಬೆರಳು ಉಳಿದದ್ದು ಹಾಗೆ.

ಅಪ್ಪ ತಣ್ಣಗಾಗಲಿಲ್ಲ. “ಈ ಬಿಟ್ ಕಟ್ಟಿದೋನು ನೀನೇ ತಾನೆ? ನಿಂಗೆ ಈ ಕೆಲ್ಸ ಬರಾಕಿಲ್ಲ ಕಣ್ಲಾ. ಬಸ್ ಅತ್ತಿ ಬಿಡದಿಗೋಗು, ಬೋಲ್ಟ್ ತಿರುಗುಸ್ಕಂಡಿರು.”

ಚಿಕ್ಕಪ್ಪ ನಟ್ಟು ಸಡಿಲಿಸಿ, ಮರದ ತುಂಡಿನಿಂದ ಅದರ ಪಕ್ಕಕ್ಕೆ ಮೆಲ್ಲಗೆ ತಟ್ಟುತ್ತ ಕೂತ. ಎಷ್ಟೋ ಹೊತ್ತಿಗೆ ಬಿಟ್ ಕಳಚಿ, ಅವನ ಅಂಗೈಗೆ ಕೆಂಪು ಪುಡಿ ಉದುರಿತು. ಬಾಗಿಲಲ್ಲಿದ್ದ ನನ್ನ ಕಡೆ ನೋಡಿದ. ಅಪ್ಪನಿಗೆ ಕಾಣದಂತೆ ಮುಷ್ಟಿ ಬಿಗಿದು, ಆಮೇಲೆ ಲುಂಗಿಗೆ ಒರೆಸಿಕೊಂಡ.

“ನಂದೇ ತಪ್ಪು ಕಣಣ್ಣ,” ಅಂದ.

ನಾನು ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ಅವನು ಬಿಡದಿಯ ಬಸ್ಸು ಹತ್ತಿದ.

ಆ ಫ್ಯಾಕ್ಟರಿಯಿಂದ ಅವನಿಗೆ ಮನೆ, ಮಕ್ಕಳ ಓದು ಎಲ್ಲ ಆಯಿತು, ದೇವರು ಕೈಬಿಡಲಿಲ್ಲ. ಆದರೆ ಅಣ್ಣತಮ್ಮ ಒಂದೇ ಹಲಗೆಯ ಎರಡು ತುದಿ ಹಿಡಿದದ್ದನ್ನು ನಾನು ಮತ್ತೆ ನೋಡಲಿಲ್ಲ. ಈಗಲೂ ಹಬ್ಬದ ದಿನ ಮಿಕ್ಸಿಗೆ ಬೊಟ್ಟಿಡುವಾಗ ಬೆರಳು ತಡೆಯುತ್ತದೆ.

ಅಪ್ಪ ತೀರಿಕೊಳ್ಳುವವರೆಗೂ ಊಟಕ್ಕೆ ಕೂತಾಗ, “ನನ್ ತಮ್ಮಂಗೆ ಎಲ್ಲಾ ಬತ್ತಿತ್ತು, ಒಂದು ಬಿಟ್ ಕಟ್ಟಾಕೆ ಬರನಿಲ್ಲ,” ಅನ್ನುತ್ತಿದ್ದ. ನಾನು ಅವನ ತಟ್ಟೆಗೆ ಸಾರು ಬಡಿಸುತ್ತಿದ್ದೆ.