ಹಾಜರಿ ಹಾಕದ ಅಜ್ಜಿ

ಆಗೆಲ್ಲ ಅಮೆರಿಕದ ಕೆನ್ಮೋರ್‌ನಲ್ಲಿ ನಮ್ಮ ಮನೆಯ ಹೊರಗೆ ಕನ್ನಡ ಕೇಳಿಸುತ್ತಿದ್ದುದೇ ಅಪರೂಪ. ಅಪ್ಪ ಫ್ಯಾಕ್ಟೋರಿಯಾ ಬಡಾವಣೆಯ ಹೋಟೆಲೊಂದರಲ್ಲಿ ಅಡುಗೆಯವನು. ಅವನ ಜಾಕೆಟ್ಟಿಗೆ ಸದಾ ಹುರಿದ ಈರುಳ್ಳಿಯ ವಾಸನೆ. ನಾನು ಐದನೇ ಕ್ಲಾಸು. ಆ ಮಳೆಗಾಲವೆಲ್ಲ ನಮಗೆ ಅಮೆರಿಕದ ಕ್ರಾಂತಿಯ ಪಾಠ.

ಕೆಲವರು ಚಹಾವನ್ನು ಸಮುದ್ರಕ್ಕೆ ಸುರಿದದ್ದಕ್ಕೆ ಇಂಗ್ಲೆಂಡಿನವರು ಬಾಸ್ಟನ್ ಬಂದರನ್ನೇ ಮುಚ್ಚಿ ಇಡೀ ಊರನ್ನು ದಂಡಿಸಿದರಂತೆ. ಅದು ಅರ್ಥವಾಗಲೆಂದು ಟೀಚರ್, ಒಬ್ಬ ಹುಡುಗ ಹಾಲು ಚೆಲ್ಲಿದ್ದಕ್ಕೆ ಕ್ಲಾಸಿನ ಚೆಂಡುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಲ್ಲಿಯವರೆಗೆ ಕಿತ್ತಾಡುತ್ತಿದ್ದ ನಾವು ಮಧ್ಯಾಹ್ನದೊಳಗೆ ಒಂದಾದೆವು. ಶಿಕ್ಷೆ ಕೊಟ್ಟು ಶತ್ರುಗಳನ್ನು ಒಟ್ಟುಗೂಡಿಸಿದ ಇಂಗ್ಲೆಂಡಿನ ಆ ರಾಜ ಎಂಥ ಪೆದ್ದನಿರಬೇಕು.

ಮನೆಯಲ್ಲಿ ಹೇಳಿದರೆ ಅಜ್ಜಿ ಮುದ್ದೆ ಕಟ್ಟುತ್ತಲೇ ಮೂಗು ಮುರಿದಳು. "ಅವ್ರು ಚಾ ಆದ್ರೂ ಚೆಲ್ಲಿದ್ರು. ನಾವೇನು ಚೆಲ್ಲಿದ್ವಿ?"

ಬ್ರಿಟಿಷರ ಕಾನೂನು ನಮ್ಮ ಕುಲವನ್ನೇ ಹುಟ್ಟುಗಳ್ಳರೆಂದು ಸಾರಿತ್ತು. ಅಜ್ಜಿಯ ಅಪ್ಪ ದಿನಾ ಸಂಜೆ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು, ಹೆಂಡತಿಯ ಹೆರಿಗೆಯ ದಿನವೂ. ಕದ್ದದ್ದು ಏನೂ ಇಲ್ಲ, ಹುಟ್ಟಿದ್ದೇ ಅಪರಾಧ.

ಇದನ್ನು ಕ್ಲಾಸಿನಲ್ಲಿ ಹೇಳಿದೆ. ಪೋಷಕರು ಶಾಲೆಯಲ್ಲಿ ಸೇರುವ ಸಂಜೆಯೂ ಇದನ್ನೇ ಹೇಳು ಎಂದರು ಟೀಚರ್. ನನ್ನನ್ನೂ ಅಜ್ಜಿಯನ್ನೂ ಕಾರಿನಲ್ಲಿ ಕರೆದೊಯ್ದವರು ನನ್ನ ಸಹಪಾಠಿಯ ಅಪ್ಪ; ಹತ್ತಿರದ ಬೆಲ್ವ್ಯೂ ನಗರದಲ್ಲಿ ಇಂಜಿನಿಯರು, ಕನ್ನಡದವರೇ. ನಾನು ಹೇಳಲಿದ್ದ ವಿಷಯ ಕೇಳುತ್ತಲೇ, ಜೊತೆಗಿದ್ದ ಅವರ ಹೆಂಡತಿ ಪಕ್ಕದಲ್ಲಿದ್ದ ಪರ್ಸನ್ನು ಮಡಿಲಿಗೆ ಎಳೆದುಕೊಂಡರು. ಅಂಕಲ್ ಮೆಲ್ಲಗೆ, "ಅದೆಲ್ಲ ಇಲ್ಲಿ ಯಾಕೆ ಪುಟ್ಟಿ? ಉಪ್ಪಿನ ಸತ್ಯಾಗ್ರಹ ಹೇಳ್ಬಿಡು, ನೀಟಾಗಿರುತ್ತೆ" ಎಂದರು. ಸ್ವಾತಂತ್ರ್ಯವೂ ಇವರಿಗೆ ಇಸ್ತ್ರಿ ಮಾಡಿದ್ದೇ ಬೇಕು.

ಶಾಲೆಯ ಬಾಗಿಲಲ್ಲಿ ಹೆಸರು ಬರೆಸಿ, ಎದೆಗೆ ಚೀಟಿ ಅಂಟಿಸಿಕೊಂಡು ಒಳಗೆ ಹೋಗಬೇಕಿತ್ತು. ಅಜ್ಜಿ ಅಲ್ಲೇ ನಿಂತಳು. ಇದು ಎಲ್ಲರಿಗೂ ಇರುವ ನಿಯಮ ಎಂದು ಗೋಗರೆದೆ. ಅವಳು ಎದುರಿಗಿಲ್ಲದೆ ನನಗೆ ಮಾತೇ ಹೊರಡುತ್ತಿರಲಿಲ್ಲ.

"ನಾನು ಹಾಜರಿ ಹಾಕಾಕಿಲ್ಲ ಕಣವ್ವ. ನೀನು ಗಟ್ಟಿಯಾಗಿ ಹೇಳು, ಈಚೆಗೇ ಕೇಳ್ತೈತೆ."

ಸೆರಗು ತಲೆಗೆ ಹೊದ್ದು ಮಳೆಯಲ್ಲಿ ಕಿಟಕಿಯಾಚೆ ನಿಂತಳು. ನಾನು ಕಿಟಕಿ ತೆರೆದು, ಅತ್ತ ತಿರುಗಿ, ಮೊದಲು ಕನ್ನಡದಲ್ಲಿ ಹೇಳಿದೆ, ಆಮೇಲೆ ಇಂಗ್ಲಿಷಿನಲ್ಲಿ. ಎರಡೂ ಸಲ ಅಂಕಲ್ ನೆಲ ನೋಡುತ್ತಿದ್ದರು.

ಈಗ ಅವರು ಪ್ರತಿ ಆಗಸ್ಟಿನಲ್ಲೂ ಇಲ್ಲಿನ ಸ್ವಾತಂತ್ರ್ಯ ದಿನಾಚರಣೆಯಲ್ಲಿ ಮೈಕು ಹಿಡಿದು "ನಮ್ಮ ಹಿರಿಯರ ಹೋರಾಟ" ಎನ್ನುತ್ತಾರೆ. ಹೋಳಿಗೆ ತಿಂದವರು ಚಪ್ಪಾಳೆ ತಟ್ಟುತ್ತಾರೆ. ನಾನು ನಮ್ಮ ಮನೆತನದ ಮೊದಲ ಪದವೀಧರೆ. ಪಾತ್ರೆ ತೊಳೆದು ಓದಿದವಳು, ಹೆಮ್ಮೆಯಿದೆ. ದಿನಾ ಬೆಳಿಗ್ಗೆ ಬೆಲ್ವ್ಯೂ ಆಫೀಸಿನ ಬಾಗಿಲಿಗೆ ಕುತ್ತಿಗೆಯ ಬ್ಯಾಡ್ಜ್ ತೋರಿಸಿ ಒಳಗೆ ಹೋಗುತ್ತೇನೆ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಹಾಜರಿ ಹಾಕಲೊಲ್ಲೆನೆಂದು ಮಳೆಯಲ್ಲಿ ಹೊರಗೇ ನಿಲ್ಲಬಲ್ಲವರು ನಮ್ಮಲ್ಲಿ ಈಗ ಯಾರೂ ಇಲ್ಲ.