ಬಾವಿಮನೆ ಅಂತ ಬರಲೇ ಇಲ್ಲ

ನಮ್ಮ ಕಡೆ ಚೊಚ್ಚಲು ಹೆಣ್ಣುಮಗುವಿಗೆ ಮನೆದೇವರ ಹೆಸರೇ. ಊರ ತುಂಬ ಅದೇ ಹೆಸರಿನವರು. ಅದಕ್ಕೇ ಮಧುಗಿರಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನಾನು, ರಿಪೋರ್ಟಿನಲ್ಲಿ ಹೆಸರಿನ ಕೆಳಗೆ ಬಾವಿಮನೆ, ಹುಣಸೆಮರದ ಮನೆ ಅಂತ ಕನ್ನಡದಲ್ಲೇ ಬರುವಂತೆ ಮಾಡಿದ್ದೆ.

ಹೊಸ ಕಂಪ್ಯೂಟರ್ ಹಾಕಿದ ಮರುದಿನ ಬೆಳಿಗ್ಗೆ ಲ್ಯಾಬಿನ ಅಕ್ಕ ಎರಡು ಚೀಟಿ ತಂದರು. ಇಬ್ಬರು ಹೆಂಗಸರವು, ಎರಡರಲ್ಲೂ ಇಂಗ್ಲಿಷಿನಲ್ಲಿ ಒಂದೇ ಹೆಸರು, ಕೆಳಗೆ ಕನ್ನಡ ಇರಬೇಕಾದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ರಕ್ತ ಒಂದರದ್ದು ಓ ಗುಂಪು, ಇನ್ನೊಂದರದ್ದು ಬಿ. ಪುರವರದ ಬಾವಿಮನೆ ಹೆಂಗಸಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಮತ್ತೆ ಪರೀಕ್ಷೆಗೆ ರಕ್ತ ತೆಗೆಯೋಣವೆಂದರೆ ನರವೇ ಸಿಗುತ್ತಿಲ್ಲವಂತೆ. ತುಮಕೂರಿನಿಂದ ರಕ್ತ ತರಲು ಆಕೆಯ ಗಂಡ ಹೆಲ್ಮೆಟ್ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದ.

ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು, ರಿಪೋರ್ಟ್ ತೆಗೆಯುವ ಅದೇ ಪ್ರೋಗ್ರಾಮನ್ನು ನಾನೇ ಓಡಿಸಿದೆ. ಬಾವಿಮನೆ, ಓ ಗುಂಪು ಅಂತ ಅಚ್ಚುಕಟ್ಟಾಗಿ ಬಂತು. ಲ್ಯಾಬಿನವರು ಬಳಸುವ ವೆಬ್ ಪುಟದ ಗುಂಡಿ ಒತ್ತಿದರೆ ಮತ್ತೆ ಅದೇ ಗೋಳು. ಸರಿಯಾಗಿ ಬಂದಿದ್ದನ್ನೇ ಕೊಡಿ ಎಂದು ರೇಗಿದೆ. ಅಕ್ಕ ಜಗ್ಗಲಿಲ್ಲ.

"ಒಂದೇ ಪ್ರೋಗ್ರಾಂ ಎರಡು ತರ ಹೇಳ್ತೈತೆ. ಯಾವ್ದನ್ನ ನಂಬ್ಲಿ ಕಣಮ್ಮ? ರಕ್ತದ್ ವಿಚಾರ."

ಸಿಟ್ಟು ನೆತ್ತಿಗೇರಿತು, ಆದರೆ ಅಕ್ಕ ಹೇಳಿದ್ದು ಸರಿ. ನನ್ನ ಸೆಟ್ಟಿಂಗ್ ಫೈಲಿನಲ್ಲಿ ಕನ್ನಡ ಅಕ್ಷರಕ್ಕೆ ಬೇಕಾದ ಭಾಷೆಯ ಸಾಲು ಇತ್ತು. ಅದನ್ನೇ ತಿದ್ದಿ ಗುಂಡಿ ಒತ್ತಿದೆ. ಏನೂ ಬದಲಾಗಲಿಲ್ಲ. ಬಾವಿಮನೆ ಹೆಂಗಸಿನ ಗಂಡ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಆ ವೆಬ್ ಪುಟವನ್ನು ನಡೆಸುವ ಸರ್ವರ್ ಓಡಿಸಿದಾಗ ಪ್ರೋಗ್ರಾಮಿಗೆ ಯಾವ ಸೆಟ್ಟಿಂಗ್ ಸಿಗುತ್ತದೆ ಎಂಬುದನ್ನು ಒಂದು ಫೈಲಿಗೆ ಬರೆಸಿ ನೋಡಿದೆ. ಆ ಸಾಲೇ ಇಲ್ಲ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನನ್ನ ಫೈಲನ್ನು ಓದುವುದು ನನ್ನ ಟರ್ಮಿನಲ್ ಮಾತ್ರ, ಸರ್ವರ್ ಯಾಕೆ ಓದೀತು? ಸರ್ವರಿನ ಸೆಟ್ಟಿಂಗಿನಲ್ಲೇ ಸಾಲು ಸೇರಿಸಿ, ಅದನ್ನು ನಿಲ್ಲಿಸಿ ಮತ್ತೆ ಶುರುಮಾಡಿದೆ.

ಈ ಸಲ ಅಕ್ಕನೇ ಗುಂಡಿ ಒತ್ತಿದರು. ಬಾವಿಮನೆ, ಓ. ಗಂಡ ಚೀಟಿ ಕಿತ್ತುಕೊಂಡು ಓಡಿದ.

ಸಂಜೆ ಬಾಣಂತಿ ಕಣ್ಣುಬಿಟ್ಟಳು ಎಂದು ಅಕ್ಕ ಬಂದು ಹೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಮುಖ ತೊಳೆದುಕೊಂಡು ಮಗುವಿನ ವಿವರ ಬರೆದುಕೊಳ್ಳಲು ವಾರ್ಡಿಗೆ ಹೋದೆ. ಚೊಚ್ಚಲು, ಹೆಣ್ಣು. ಹೆಸರು ಏನಂತ ಹಾಕಲಿ ಎಂದು ಗಂಡನನ್ನು ಕೇಳಿದೆ.

"ಮನೆದೇವ್ರ ಹೆಸ್ರೇ ಕಣಮ್ಮ," ಅಂದ. "ಬಾವಿಮನೆ ಅನ್ನೋದ್ನ ಮಾತ್ರ ಬುಡಬ್ಯಾಡ."